ಉನ್ನತ ಗಣಿತ : ಮನೆಪಾಠ ಹೇಗಿರಬೇಕು?

ಎಸ್.ಎಸ್.ಎಲ್.ಸಿ. ಪರೀಕ್ಷೆಯ ಗಣಿತದಲ್ಲಿ ತೊಂಬತ್ತರ ಮೇಲೆ ಅಂಕ ಪಡೆದು ಓಣಿಗೆಲ್ಲ ಪೇಡೆ ಹಂಚಿಸಿದ ಮಗುವೇ, ಪಿ.ಯು.ಸಿ. ಸೇರಿದ ಮೂರು ತಿಂಗಳಲ್ಲಿ ಮೊದಲ ಕಿರುಪರೀಕ್ಷೆಯ ಉತ್ತರಪತ್ರಿಕೆಯನ್ನು ಚೀಲದ ತಳದಲ್ಲಿ ಮುಚ್ಚಿಡುವುದನ್ನು ನಮ್ಮ ಅನೇಕ ಮನೆತನಗಳು ಕಂಡಿವೆ. ತಂದೆ ಸಿಟ್ಟಾಗುತ್ತಾರೆ, ತಾಯಿ ಕಣ್ಣೀರು ಹಾಕುತ್ತಾಳೆ, ಅಜ್ಜಿ ದೃಷ್ಟಿ ತೆಗೆಯುತ್ತಾಳೆ. ಮರುವಾರ ಸಾಲ ಮಾಡಿಯಾದರೂ ದೊಡ್ಡ ಕೋಚಿಂಗ್ ಕೇಂದ್ರವೊಂದಕ್ಕೆ ಹಣ ಕಟ್ಟಲಾಗುತ್ತದೆ. ಅಲ್ಲಿಯೂ ಫಲ ದೊರೆಯದಿದ್ದಾಗ, “ನಮ್ಮ ವಂಶಕ್ಕೇ ಲೆಕ್ಕ ಒಲಿಯಲಿಲ್ಲ” ಎಂಬ ತೀರ್ಮಾನಕ್ಕೆ ಬಂದು, ಮಗುವಿನ ಹಾದಿಯನ್ನೇ ಬದಲಿಸಲಾಗುತ್ತದೆ. ಹೆಣ್ಣುಮಗಳಾಗಿದ್ದರೆ ಈ ತೀರ್ಮಾನ ಇನ್ನೂ ಬೇಗ ಆಗಿಬಿಡುತ್ತದೆ.

ಗಣಿತ ಕೈಬಿಟ್ಟ ವಿದ್ಯಾರ್ಥಿಗೆ ಇಂಜಿನಿಯರಿಂಗ್ ಮಾತ್ರವಲ್ಲದೆ ಸಂಖ್ಯಾಶಾಸ್ತ್ರ, ಗಣಕವಿಜ್ಞಾನ, ಭೌತವಿಜ್ಞಾನದ ಬಾಗಿಲುಗಳೂ ಬಹುಮಟ್ಟಿಗೆ ಮುಚ್ಚುತ್ತವೆ. ಹದಿನಾರನೆಯ ವಯಸ್ಸಿನಲ್ಲಿ ಮುಚ್ಚಿದ ಬಾಗಿಲನ್ನು ಇಪ್ಪತ್ತೈದರಲ್ಲಿ ತೆರೆಯುವುದು ಸುಲಭವಲ್ಲ. ಆದಕಾರಣ ಉನ್ನತ ಗಣಿತದಲ್ಲಿ ಮಕ್ಕಳು ಎಡವುವುದೇಕೆ, ಅವರನ್ನು ಕೈಹಿಡಿದು ನಡೆಸುವ ಮನೆಪಾಠ ಎಂತಹುದಿರಬೇಕು ಎಂಬುದನ್ನು ಓದುಗ ಬಂಧುಗಳ ಮುಂದೆ ವಿಚಾರಮಾಡುವುದು ಉಚಿತವೆಂದು ನಾವು ಭಾವಿಸಿದ್ದೇವೆ.

ಎಡವುವುದು ಎಲ್ಲಿ?

ನಮ್ಮ ರಾಜ್ಯದ ಪದವಿಪೂರ್ವ ವಿಜ್ಞಾನ ತರಗತಿಗಳಿಗೆ ೨೦೧೨-೧೩ರಿಂದ ಎನ್.ಸಿ.ಇ.ಆರ್.ಟಿ. ಪಠ್ಯಕ್ರಮ ಬಂದಿತು. ದ್ವಿತೀಯ ವರ್ಷದ ಗಣಿತದ ಹದಿಮೂರು ಅಧ್ಯಾಯಗಳಲ್ಲಿ ಐದು ಅಧ್ಯಾಯಗಳು ಕಲನಶಾಸ್ತ್ರಕ್ಕೇ ಮೀಸಲು: ಅವಕಲನ, ಅದರ ಅನ್ವಯ, ಅನುಕಲನ, ಅದರ ಅನ್ವಯ, ಅವಕಲ ಸಮೀಕರಣ. ಮಕ್ಕಳು ಹೆಚ್ಚು ಹೆದರುವುದು ಈ ಐದಕ್ಕೇ. ಆದರೆ ಅವರ ಉತ್ತರಪತ್ರಿಕೆಗಳನ್ನು ಸಮಾಧಾನದಿಂದ ಓದಿ ನೋಡಿದರೆ ಬೇರೆಯೇ ಸಂಗತಿ ಗೋಚರಿಸುತ್ತದೆ. ಕಲನಶಾಸ್ತ್ರದ ಹೆಜ್ಜೆಯನ್ನು ಮಗು ಸರಿಯಾಗಿಯೇ ಇಟ್ಟಿರುತ್ತದೆ. ತಪ್ಪಿರುವುದು ಅದರ ಮುಂದಿನ ಸಾಲಿನಲ್ಲಿ, ಭಿನ್ನರಾಶಿ ಕೂಡಿಸುವಾಗ, ಆವರಣ ಬಿಡಿಸುವಾಗ, ಋಣ ಚಿಹ್ನೆಯನ್ನು ದಾಟಿಸುವಾಗ. ಅಂದರೆ ಹನ್ನೆರಡನೆಯ ತರಗತಿಯ ಕಷ್ಟದ ಬೇರು ಏಳು-ಎಂಟನೆಯ ತರಗತಿಯಲ್ಲಿದೆ.

ಇದಕ್ಕೊಂದು ನಿದರ್ಶನ ಕೊಡುತ್ತೇವೆ. ಹತ್ತು ಮೀಟರ್ ಬಾಹುವುಳ್ಳ ಚೌಕಾಕಾರದ ಹೂದೋಟವೊಂದಿದೆ ಎನ್ನೋಣ. ಅದರ ವಿಸ್ತೀರ್ಣ ೧೦೦ ಚದರ ಮೀಟರ್. ಪ್ರತಿ ಬಾಹುವನ್ನೂ ಹತ್ತನೆಯ ಒಂದು ಮೀಟರಿನಷ್ಟು ಹೆಚ್ಚಿಸಿದರೆ ವಿಸ್ತೀರ್ಣ ೧೦೨.೦೧ ಆಗುತ್ತದೆ. ಹೆಚ್ಚಿದ್ದು ೨.೦೧, ಅದನ್ನು ೦.೧ರಿಂದ ಭಾಗಿಸಿದರೆ ೨೦.೧. ಬಾಹುವನ್ನು ನೂರನೆಯ ಒಂದು ಮೀಟರ್ ಮಾತ್ರ ಹೆಚ್ಚಿಸಿದರೆ ವಿಸ್ತೀರ್ಣ ೧೦೦.೨೦೦೧, ಹೆಚ್ಚಳವನ್ನು ೦.೦೧ರಿಂದ ಭಾಗಿಸಿದರೆ ೨೦.೦೧. ಹೆಚ್ಚಿಸುವ ಅಳತೆ ಕಿರಿದಾದಂತೆ ಉತ್ತರವು ೨೦ರ ಸಮೀಪಕ್ಕೆ ಬರುತ್ತ ಹೋಗುತ್ತದೆ. ಆ ಇಪ್ಪತ್ತು, ಬಾಹುವಿನ ಎರಡರಷ್ಟು. ಇದೇ ಅವಕಲನ. ವರ್ಗದ ಅವಕಲನ ಬಾಹುವಿನ ಎರಡರಷ್ಟೇ ಏಕೆ? ತೋಟ ಬೆಳೆದದ್ದು ಎರಡು ಅಂಚುಗಳಲ್ಲಿ. ಪ್ರತಿ ಅಂಚಿಗೂ ಹತ್ತು ಮೀಟರ್ ಉದ್ದದ ಒಂದೊಂದು ಪಟ್ಟಿ ಸೇರಿತು. ಮೂಲೆಯಲ್ಲಿ ಸೇರಿದ ಪುಟ್ಟ ಚೌಕ ಲೆಕ್ಕಕ್ಕೆ ಬಾರದಷ್ಟು ಸಣ್ಣದಾಗುತ್ತ ಹೋಯಿತು.

ಈ ಎರಡು ಪಟ್ಟಿಗಳೇ ಎಂಟನೆಯ ತರಗತಿಯ ಸೂತ್ರದಲ್ಲಿ ಬರುವ ‘೨ಅಬ’. (ಅ + ಬ) ಎಂಬುದರ ವರ್ಗವು ಅ ವರ್ಗ, ೨ಅಬ, ಬ ವರ್ಗ ಇವುಗಳ ಮೊತ್ತ ಎಂದು ನಾವೆಲ್ಲರೂ ಬಾಯಿಪಾಠ ಮಾಡಿದ್ದೇವೆ. ಮಧ್ಯದ ಆ ಪದ ಎಲ್ಲಿಂದ ಬಂದಿತೆಂದು ಎಂಟನೆಯ ತರಗತಿಯಲ್ಲಿ ಚಿತ್ರ ಬರೆದು ಅರಿತ ಮಗುವಿಗೆ ಹನ್ನೊಂದನೆಯ ತರಗತಿಯ ಅವಕಲನ ಹಳೆಯ ಗೆಳೆಯನಂತೆ ಕಾಣುತ್ತದೆ. ಅರಿಯದೆ ಉರುಹೊಡೆದ ಮಗುವಿಗೆ ಅದು ಇನ್ನೊಂದು ಕಬ್ಬಿಣದ ಕಡಲೆ. ಮನೆಪಾಠದ ಮೊದಲ ಕೆಲಸ ಮುಂದಿನ ಪಾಠ ಹೇಳುವುದಲ್ಲ, ಹಿಂದೆ ಕಳಚಿದ ಮೆಟ್ಟಿಲನ್ನು ಹುಡುಕುವುದು ಎಂದು ನಾವು ಹೇಳುವುದು ಇದಕ್ಕಾಗಿಯೇ.

ಒಬ್ಬ ಶಿಕ್ಷಕರ ಸಾಧನೆ

ಬಡ ಮಕ್ಕಳಿಗೆ ಉನ್ನತ ಗಣಿತ ಸಾಧ್ಯವೇ ಎಂಬ ಪ್ರಶ್ನೆಗೆ ಹೊರದೇಶದ ಒಬ್ಬ ಶಿಕ್ಷಕರು ತಮ್ಮ ಕಾಯಕದಿಂದಲೇ ಉತ್ತರ ಕೊಟ್ಟಿದ್ದಾರೆ. ಬೊಲಿವಿಯಾ ದೇಶದಲ್ಲಿ ೧೯೩೦ರಲ್ಲಿ ಜನಿಸಿದ ಹೈಮೆ ಎಸ್ಕಲಾಂಟೆ ಅಲ್ಲಿಯೇ ಶಿಕ್ಷಕರಾಗಿದ್ದವರು. ಅಮೆರಿಕಕ್ಕೆ ವಲಸೆ ಹೋದ ಮೇಲೆ ಭಾಷೆ ಬಾರದೆ ಹೋಟೆಲಿನಲ್ಲಿ ದುಡಿದು, ಇಂಗ್ಲಿಷ್ ಕಲಿತು, ಮತ್ತೆ ಪದವಿ ಪಡೆದು, ೧೯೭೪ರಲ್ಲಿ ಲಾಸ್ ಏಂಜಲೀಸ್ ನಗರದ ಪೂರ್ವ ಭಾಗದ ಗಾರ್‌ಫೀಲ್ಡ್ ಪ್ರೌಢಶಾಲೆಗೆ ಸೇರಿದರು. ಅಲ್ಲಿನ ಮಕ್ಕಳಲ್ಲಿ ಬಹುಪಾಲು ಮೆಕ್ಸಿಕೊ ಮೂಲದ ಕೂಲಿಕಾರರ ಮನೆಯವರು. ಅವರಿಗೆ ಸಾಮಾನ್ಯ ಅಂಕಗಣಿತವೇ ಸಾಕು ಎಂಬುದು ಸುತ್ತಲಿನವರ ಎಣಿಕೆಯಾಗಿತ್ತು.

ಎಸ್ಕಲಾಂಟೆಯವರು ೧೯೭೮ರಲ್ಲಿ ಬೆರಳೆಣಿಕೆಯ ಮಕ್ಕಳೊಡನೆ ಕಲನಶಾಸ್ತ್ರದ ತರಗತಿ ತೆರೆದರು. ಶಾಲೆಯ ವೇಳೆಗೆ ಮುನ್ನ, ಶಾಲೆ ಬಿಟ್ಟ ನಂತರ, ಬೇಸಿಗೆ ರಜೆಯಲ್ಲಿ ಪಾಠ ನಡೆಯಿತು. ೧೯೮೨ರಲ್ಲಿ ಅವರ ೧೮ ವಿದ್ಯಾರ್ಥಿಗಳು ಅಡ್ವಾನ್ಸ್‌ಡ್ ಪ್ಲೇಸ್‌ಮೆಂಟ್ ಎಂಬ ಕಠಿಣ ಕಲನಶಾಸ್ತ್ರ ಪರೀಕ್ಷೆಯಲ್ಲಿ ಉತ್ತೀರ್ಣರಾದರು. ಇಂತಹ ಶಾಲೆಯಿಂದ ಇಷ್ಟು ಮಂದಿಯೇ! ಪರೀಕ್ಷೆ ನಡೆಸಿದ ಸಂಸ್ಥೆ ಹದಿನಾಲ್ವರ ಉತ್ತರಗಳಲ್ಲಿನ ಹೋಲಿಕೆಯನ್ನು ಕಂಡು ಸಂದೇಹಿಸಿತು. ಹನ್ನೆರಡು ಮಂದಿ ಮರುಪರೀಕ್ಷೆಗೆ ಒಪ್ಪಿದರು. ಹನ್ನೆರಡೂ ಮಂದಿ ಮತ್ತೆ ಉತ್ತೀರ್ಣರಾದರು. ೧೯೮೭ರ ಹೊತ್ತಿಗೆ ಆ ಶಾಲೆಯಿಂದ ವರ್ಷವೊಂದಕ್ಕೆ ಎಪ್ಪತ್ತಕ್ಕೂ ಹೆಚ್ಚು ಮಕ್ಕಳು ಆ ಪರೀಕ್ಷೆಯಲ್ಲಿ ತೇರ್ಗಡೆಯಾಗುತ್ತಿದ್ದರು. ಎಸ್ಕಲಾಂಟೆ ೨೦೧೦ರಲ್ಲಿ ತೀರಿಕೊಂಡರು.

೧೯೮೮ರಲ್ಲಿ ಈ ಕಥೆ ಚಲನಚಿತ್ರವಾಗಿ ಪ್ರಸಿದ್ಧವಾಯಿತು. ಆದರೆ ಅದನ್ನು ನೋಡಿದವರಿಗೆ ಒಂದು ಭ್ರಮೆ ಉಂಟಾಗುವ ಸಂಭವವಿದೆ: ಗುರುವಿನ ಆವೇಶದಿಂದ ಒಂದೇ ವರ್ಷದಲ್ಲಿ ಪವಾಡ ನಡೆಯಿತೆಂದು. ನಿಜಸ್ಥಿತಿ ಬೇರೆ. ಎಸ್ಕಲಾಂಟೆಯವರು ಸೇರಿದ ವರ್ಷಕ್ಕೂ ಆ ಹದಿನೆಂಟು ಮಂದಿಯ ಫಲಿತಾಂಶಕ್ಕೂ ನಡುವೆ ಎಂಟು ವರ್ಷಗಳ ಅಂತರವಿದೆ. ಆ ಅವಧಿಯಲ್ಲಿ ಅವರು ಕೆಳಗಿನ ತರಗತಿಗಳ ಬೀಜಗಣಿತ, ರೇಖಾಗಣಿತ, ತ್ರಿಕೋನಮಿತಿಗಳನ್ನು ಒಂದೊಂದಾಗಿ ಗಟ್ಟಿಗೊಳಿಸಿದರು; ಸಹ ಶಿಕ್ಷಕರನ್ನು ಜೊತೆಗೂಡಿಸಿಕೊಂಡರು. ಮಾಳಿಗೆ ಕಟ್ಟಲು ಅವಸರಪಡದೆ ತಳಪಾಯ ಹಾಕಿದರು.

ಇಬ್ಬರಿಗೆ ಒಬ್ಬರು

ಒಬ್ಬನೇ ವಿದ್ಯಾರ್ಥಿಗೆ ಒಬ್ಬರೇ ಗುರು ಕಲಿಸಿದರೆ ಸಾಮೂಹಿಕ ತರಗತಿಗಿಂತ ಬಹಳ ಹೆಚ್ಚಿನ ಫಲ ದೊರೆಯುತ್ತದೆಂದು ಬೆಂಜಮಿನ್ ಬ್ಲೂಮ್ ಎಂಬ ಶಿಕ್ಷಣ ತಜ್ಞರು ೧೯೮೪ರಲ್ಲಿ ಬರೆದರು. ಅವರು ಹೇಳಿದಷ್ಟು ಭಾರಿ ಫಲ ಮುಂದಿನ ಪ್ರಯೋಗಗಳಲ್ಲಿ ಕಾಣಲಿಲ್ಲ. ಆದರೂ ಮನೆಪಾಠದಿಂದ ಗಣನೀಯ ಲಾಭವಿದೆ ಎಂಬುದನ್ನು ಅನೇಕ ಪ್ರಯೋಗಗಳು ಸ್ಥಿರಪಡಿಸಿವೆ. ಷಿಕಾಗೊ ನಗರದ ಸರ್ಕಾರಿ ಪ್ರೌಢಶಾಲೆಗಳಲ್ಲಿ ೨೦೧೩ರಿಂದ ನಡೆದ ಪ್ರಯೋಗ ನಮಗೆ ಹೆಚ್ಚು ಪ್ರಯೋಜನಕಾರಿ. ಅಲ್ಲಿ ಒಂಬತ್ತು ಮತ್ತು ಹತ್ತನೆಯ ತರಗತಿಯ ಇಬ್ಬರು ಮಕ್ಕಳಿಗೆ ಒಬ್ಬ ಬೋಧಕರಂತೆ, ಪ್ರತಿದಿನ, ಶಾಲೆಯ ವೇಳಾಪಟ್ಟಿಯಲ್ಲಿಯೇ ಒಂದು ಪಿರಿಯಡ್ ಗಣಿತ ಪಾಠ ನಡೆಯಿತು. ಬೋಧಕರು ತರಬೇತಿ ಪಡೆದ ಹಿರಿಯ ಶಿಕ್ಷಕರಲ್ಲ. ಹೆಚ್ಚಿನವರು ಗಣಿತ ಬಲ್ಲ, ಅಲ್ಪ ಗೌರವಧನಕ್ಕೆ ಒಂದು ವರ್ಷ ಸೇವೆ ಸಲ್ಲಿಸಲು ಮುಂದಾದ ಯುವಕ-ಯುವತಿಯರು. ಆ ಮಕ್ಕಳ ಗಣಿತದ ಅಂಕಗಳು ಸ್ಪಷ್ಟವಾಗಿ ಏರಿದವು, ಅನುತ್ತೀರ್ಣರಾಗುವವರ ಸಂಖ್ಯೆ ಇಳಿಯಿತು.

ಕಿಕ್ಕಿರಿದ ತರಗತಿಯಲ್ಲಿ ಪ್ರವೀಣರು ವೇಗವಾಗಿ ಲೆಕ್ಕ ಬಿಡಿಸುವುದನ್ನು ನೋಡುವುದಕ್ಕಿಂತ, ನಮ್ಮದೇ ಓಣಿಯ ಬಿ.ಎಸ್ಸಿ. ಓದುವ ಅಕ್ಕನ ಎದುರು ದಿನಕ್ಕೊಂದು ತಾಸು ತಾನೇ ಲೆಕ್ಕ ಬಿಡಿಸಿ ತೋರಿಸುವುದು ಮಗುವಿಗೆ ಹೆಚ್ಚು ಹಿತವಾಗಬಹುದೆಂಬುದನ್ನು ನಾವು ಇದರಿಂದ ತಿಳಿಯಬಹುದು. ವಾರಕ್ಕೊಮ್ಮೆ ನಾಲ್ಕು ತಾಸು ಕೂಡಿಹಾಕುವುದಕ್ಕಿಂತ ದಿನದಿನದ ಒಂದು ತಾಸು ಮೇಲು.

ಇನ್ನೊಂದು ಅನುಭವವೂ ಸ್ಮರಣೀಯ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಕೇಂದ್ರದಲ್ಲಿ ೧೯೭೦ರ ದಶಕದಲ್ಲಿ ಯೂರಿ ಟ್ರೈಸ್‌ಮನ್ ಎಂಬುವರು, ಕಲನಶಾಸ್ತ್ರದಲ್ಲಿ ಕರಿಯ ಜನಾಂಗದ ವಿದ್ಯಾರ್ಥಿಗಳು ಹಿಂದೆ ಬೀಳುವುದೇಕೆಂದು ಅವರ ಕೊಠಡಿಗಳಿಗೆ ಹೋಗಿ ನೋಡಿದರು. ಅವರಲ್ಲಿ ಶ್ರಮದ ಕೊರತೆಯಿರಲಿಲ್ಲ, ಮನೆಯವರ ಬೆಂಬಲದ ಕೊರತೆಯೂ ಇರಲಿಲ್ಲ. ಅವರು ಒಬ್ಬೊಬ್ಬರೇ ಕುಳಿತು ಓದುತ್ತಿದ್ದರು. ಚೀನೀ ಮೂಲದ ವಿದ್ಯಾರ್ಥಿಗಳಾದರೋ ಓದಿದ ಮೇಲೆ ಗುಂಪುಗೂಡಿ ಒಬ್ಬರ ತಪ್ಪನ್ನೊಬ್ಬರು ತಿದ್ದುತ್ತಿದ್ದರು. ಟ್ರೈಸ್‌ಮನ್ ಅವರು ಹಿಂದುಳಿದವರಿಗಾಗಿ ಸುಲಭದ ತರಗತಿ ತೆರೆಯಲಿಲ್ಲ. ಕಠಿಣ ಲೆಕ್ಕಗಳನ್ನೇ ಕೊಟ್ಟು ಗುಂಪಿನಲ್ಲಿ ಚರ್ಚಿಸಲು ಕೂಡಿಸಿದರು. ಫಲಿತಾಂಶ ಉತ್ತಮಗೊಂಡಿತು. “ನೀನು ದಡ್ಡ, ನಿನಗೆ ಸುಲಭದ್ದೇ ಸಾಕು” ಎನ್ನುವ ಕರುಣೆ ಮಗುವನ್ನು ಮೇಲೆತ್ತದೆಂಬುದಕ್ಕೆ ಇದು ಸಾಕ್ಷಿ.

ಪಾಠ ನಡೆಯುವ ಬಗೆ

ಮನೆಪಾಠ ಹೇಳುವವರು ಅನುಸರಿಸಬಹುದಾದ ಕೆಲವು ಕ್ರಮಗಳನ್ನು ಇಲ್ಲಿ ಸೂಚಿಸುತ್ತೇವೆ.

ಮೊದಲ ದಿನ ಪಠ್ಯಪುಸ್ತಕ ತೆರೆಯಬೇಡಿ. ಏಳರಿಂದ ಹತ್ತನೆಯ ತರಗತಿವರೆಗಿನ ಹತ್ತು ಸಣ್ಣ ಲೆಕ್ಕಗಳನ್ನು ಕೊಡಿ: ಭಿನ್ನರಾಶಿ, ಋಣಸಂಖ್ಯೆ, ಘಾತಾಂಕ, ಅಪವರ್ತನ, ಸರಳ ಸಮೀಕರಣ, ವರ್ಗ ಸಮೀಕರಣ, ತ್ರಿಕೋನಮಿತಿಯ ಅನುಪಾತ. ಅಂಕ ಹಾಕದೆ, ಎಲ್ಲಿ ತಪ್ಪಿತೆಂಬುದನ್ನಷ್ಟೇ ಗುರುತಿಸಿ. ಅರ್ಧಕ್ಕೆ ಮೂರನೆಯ ಒಂದನ್ನು ಕೂಡಿಸಿ ಐದನೆಯ ಎರಡು ಎಂದು ಬರೆಯುವ ಮಗು ಪಿ.ಯು.ಸಿ.ಯಲ್ಲಿಯೂ ಸಿಕ್ಕೀತು. ಬೈಯದೆ, “ಅರ್ಧ ರೊಟ್ಟಿಯ ಮೇಲೆ ಇನ್ನೊಂದು ಚೂರು ಇಟ್ಟರೆ ಅರ್ಧಕ್ಕಿಂತ ಕಡಿಮೆ ಆಗುವುದುಂಟೆ?” ಎಂದು ಕೇಳಿದರೆ ಅದು ತಾನೇ ನಗುತ್ತದೆ, ತಾನೇ ತಿದ್ದಿಕೊಳ್ಳುತ್ತದೆ.

ಎರಡನೆಯದಾಗಿ, ಲೇಖನಿ ಮಗುವಿನ ಕೈಯಲ್ಲಿರಲಿ. ಬೋಧಕರು ಬಿಡಿಸಿದ ಲೆಕ್ಕವನ್ನು ನೋಡುವಾಗ ಎಲ್ಲವೂ ತಿಳಿದಂತೆ ಭಾಸವಾಗುತ್ತದೆ. ತಾನೇ ಕುಳಿತಾಗ ಮೊದಲ ಸಾಲೇ ಹೊಳೆಯುವುದಿಲ್ಲ. ಆದ್ದರಿಂದ ಬೋಧಕರು ಪ್ರಶ್ನೆ ಕೇಳಲಿ, ಉತ್ತರಕ್ಕೆ ಕಾಯಲಿ. ಆ ಪಾಠ ಹೀಗೆ ಸಾಗಬಹುದು:

“ಅಕ್ಕಾ, ಅ ಕೂಡಿಸು ಬ, ಇದರ ವರ್ಗ ಎಂದರೆ ಅ ವರ್ಗ ಕೂಡಿಸು ಬ ವರ್ಗ.”

“ಹೌದೇನು ತಮ್ಮಾ? ಅ ಜಾಗದಲ್ಲಿ ಮೂರು, ಬ ಜಾಗದಲ್ಲಿ ನಾಲ್ಕು ಇಟ್ಟು ನೋಡು.”

“ಮೂರು ನಾಲ್ಕು ಏಳು, ಏಳರ ವರ್ಗ ನಲವತ್ತೊಂಬತ್ತು. ನನ್ನ ಲೆಕ್ಕದಲ್ಲಿ ಒಂಬತ್ತು, ಹದಿನಾರು ಕೂಡಿ ಇಪ್ಪತ್ತೈದೇ ಆಯಿತಲ್ಲ! ಉಳಿದ ಇಪ್ಪತ್ನಾಲ್ಕು ಎಲ್ಲಿ ಹೋಯಿತು ಅಕ್ಕಾ?”

ಈ ಪ್ರಶ್ನೆ ಮಗುವಿನ ಬಾಯಿಂದ ಬಂದ ಕ್ಷಣವೇ ಪಾಠ ಸಾರ್ಥಕವಾದ ಕ್ಷಣ. ಆ ಮೇಲೆ ಚೌಕ ಬರೆದು ಎರಡು ಪಟ್ಟಿಗಳನ್ನು ತೋರಿಸಿದರೆ, ತಲಾ ಹನ್ನೆರಡರಂತೆ ಇಪ್ಪತ್ನಾಲ್ಕು ಅಲ್ಲಿಯೇ ಸಿಗುತ್ತದೆ. ಆ ಸೂತ್ರ ಮತ್ತೆ ಮರೆಯುವುದು ಕಷ್ಟ.

ಮೂರನೆಯದಾಗಿ, ತಪ್ಪುಗಳಿಗೊಂದು ಪ್ರತ್ಯೇಕ ನೋಟ್‌ಬುಕ್ ಇರಲಿ. ತಪ್ಪಿದ ಲೆಕ್ಕ, ತಪ್ಪಿದ ಕಾರಣ, ಸರಿಯಾದ ಕ್ರಮ ಇವನ್ನು ಅದರಲ್ಲಿ ಬರೆಯಬೇಕು. ಅದೇ ಲೆಕ್ಕವನ್ನು ಮರುದಿನ, ವಾರದ ನಂತರ, ತಿಂಗಳ ನಂತರ ಪುಸ್ತಕ ನೋಡದೆ ಬಿಡಿಸಬೇಕು. ಒಂದೇ ದಿನ ಒಂದೇ ಬಗೆಯ ಐವತ್ತು ಲೆಕ್ಕ ಮಾಡುವುದಕ್ಕಿಂತ, ದಿನಗಳನ್ನು ಬಿಟ್ಟು ಬಗೆಬಗೆಯ ಲೆಕ್ಕಗಳನ್ನು ಬೆರೆಸಿ ಮಾಡುವುದು ಹೆಚ್ಚು ಕಾಲ ನೆನಪಿನಲ್ಲಿ ಉಳಿಯುತ್ತದೆ.

ನಾಲ್ಕನೆಯದು, ಕನ್ನಡ ಮಾಧ್ಯಮದಿಂದ ಬಂದ ಮಕ್ಕಳ ಸಂಕಟ. ಪಿ.ಯು. ವಿಜ್ಞಾನ ತರಗತಿಗಳ ಪಾಠ ಬಹುತೇಕ ಇಂಗ್ಲಿಷಿನಲ್ಲಿ ನಡೆಯುತ್ತದೆ. ಛೇದ ‘ಡಿನಾಮಿನೇಟರ್’ ಆಗುತ್ತದೆ, ಅಪವರ್ತನ ‘ಫ್ಯಾಕ್ಟರ್’ ಆಗುತ್ತದೆ, ಮಾತೃಕೆ ‘ಮ್ಯಾಟ್ರಿಕ್ಸ್’ ಆಗುತ್ತದೆ. ಗಣಿತ ತಿಳಿದ ಮಗು ಶಬ್ದ ತಿಳಿಯದೆ ಬಾಯಿ ಮುಚ್ಚಿಕೊಂಡು ಕೂರುತ್ತದೆ. ಅದನ್ನು ದಡ್ಡತನವೆಂದು ತಿಳಿಯಲಾಗುತ್ತದೆ. ಎಡಕ್ಕೆ ಕನ್ನಡ, ಬಲಕ್ಕೆ ಇಂಗ್ಲಿಷ್ ಬರೆದ ಶಬ್ದಪಟ್ಟಿಯೊಂದನ್ನು ಎಸ್.ಎಸ್.ಎಲ್.ಸಿ. ನಂತರದ ಬಿಡುವಿನಲ್ಲಿಯೇ ಸಿದ್ಧಪಡಿಸಿದರೆ ಈ ಭಾರ ಅರ್ಧ ಇಳಿಯುತ್ತದೆ. ಜೆ.ಇ.ಇ. ಮುಖ್ಯ ಪರೀಕ್ಷೆಯನ್ನು ೨೦೨೧ರಿಂದ ಕನ್ನಡದಲ್ಲಿಯೂ ಬರೆಯಲು ಅವಕಾಶವಿದೆ ಎಂಬುದನ್ನು ಇಂತಹ ಮಕ್ಕಳ ಮನೆಯವರು ತಿಳಿದಿರಬೇಕು. ಕನ್ನಡಕ್ಕೆ ಗಣಿತ ಹೊಸದೇನೂ ಅಲ್ಲ. ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿ ಮಹಾವೀರಾಚಾರ್ಯರು ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ ರಚಿಸಿದರೆ, ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯನು ‘ವ್ಯವಹಾರಗಣಿತ’ವನ್ನು ಕನ್ನಡದಲ್ಲಿಯೇ ಬರೆದನು.

ವೇಗದ ಅಭ್ಯಾಸ ಕೊನೆಗೆ ಬರಲಿ. ಸಿ.ಇ.ಟಿ. ಪರೀಕ್ಷೆಯಲ್ಲಿ ಗಣಿತದ ೬೦ ಪ್ರಶ್ನೆಗಳಿಗೆ ೮೦ ನಿಮಿಷ. ಅಂದರೆ ಪ್ರಶ್ನೆಗೆ ೮೦ ಸೆಕೆಂಡು. ಆ ವೇಗ ಬೇಕೇಬೇಕು, ನಿಜ. ಆದರೆ ಅರಿವಿಲ್ಲದ ವೇಗ ತಪ್ಪುಗಳನ್ನೇ ಬೇಗ ಬೇಗ ಮಾಡಿಸುತ್ತದೆ. ಹಳೆಯ ಪ್ರಶ್ನೆಪತ್ರಿಕೆಗಳನ್ನು ಗಡಿಯಾರವಿಟ್ಟು ಬಿಡಿಸುವ ಅಭ್ಯಾಸಕ್ಕೆ ಕೊನೆಯ ನಾಲ್ಕು ತಿಂಗಳು ಸಾಕು.

ಪಾಲಕರ ಹೊಣೆ

ಕೋಚಿಂಗ್ ಕೇಂದ್ರಗಳೆಲ್ಲವೂ ಕೆಟ್ಟವೆಂದು ನಾವು ಹೇಳುವುದಿಲ್ಲ. ಆದರೆ ಸೇರಿಸುವ ಮುನ್ನ ಕೆಲವು ವಿಷಯ ತಿಳಿದಿರಬೇಕು. ಹದಿನಾರು ವರ್ಷ ತುಂಬದ ಮಕ್ಕಳನ್ನು ಇಂತಹ ಕೇಂದ್ರಗಳಿಗೆ ಸೇರಿಸಿಕೊಳ್ಳಬಾರದೆಂದು ಕೇಂದ್ರ ಶಿಕ್ಷಣ ಇಲಾಖೆ ೨೦೨೪ರ ಜನವರಿಯಲ್ಲಿ ಮಾರ್ಗಸೂಚಿ ಹೊರಡಿಸಿತು; ರ‍್ಯಾಂಕು ಖಚಿತವೆಂಬ ಭರವಸೆ ನೀಡುವುದನ್ನೂ ಅದು ನಿಷೇಧಿಸಿದೆ. ಒತ್ತಡ ತಾಳಲಾರದೆ ಎಳೆಯ ಜೀವಗಳು ನಲುಗಿದ ದಾರುಣ ಸಂಗತಿಗಳೇ ಇದರ ಹಿನ್ನೆಲೆ. ಶಾಲಾ ಶಿಕ್ಷಕರು ಖಾಸಗಿ ಮನೆಪಾಠ ನಡೆಸಕೂಡದೆಂದು ೨೦೦೯ರ ಶಿಕ್ಷಣ ಹಕ್ಕು ಕಾಯಿದೆಯ ೨೮ನೆಯ ಕಲಮು ಹೇಳುತ್ತದೆ. ಆದ್ದರಿಂದ ಮಗುವಿನ ಶಿಕ್ಷಕರನ್ನು ಹಣಕ್ಕಾಗಿ ಮನೆಗೆ ಕರೆಯುವುದು ಸಲ್ಲದು. ತರಗತಿಯಲ್ಲಿ ಸಂದೇಹ ಕೇಳಲು ಮಗುವಿಗೆ ಧೈರ್ಯ ಹೇಳುವುದು ಸರಿಯಾದ ಮಾರ್ಗ.

“ನಾವು ಹೆಚ್ಚು ಓದಿದವರಲ್ಲ, ನಮ್ಮಿಂದೇನಾದೀತು?” ಎಂದು ಕೇಳುವ ತಾಯಂದಿರಿದ್ದಾರೆ. ಅವರಿಗೊಂದು ಮಾತು. ಜಗತ್ಪ್ರಸಿದ್ಧ ಸಂಖ್ಯಾಶಾಸ್ತ್ರಜ್ಞ ಸಿ. ಆರ್. ರಾವ್ ಅವರು ೧೯೨೦ರಲ್ಲಿ ಜನಿಸಿದ್ದು ನಮ್ಮ ಹೂವಿನ ಹಡಗಲಿಯಲ್ಲಿ. ೨೦೨೩ರಲ್ಲಿ, ತಮ್ಮ ನೂರೆರಡನೆಯ ವಯಸ್ಸಿನಲ್ಲಿ, ಸಂಖ್ಯಾಶಾಸ್ತ್ರದ ಅಂತರರಾಷ್ಟ್ರೀಯ ಪ್ರಶಸ್ತಿ ಪಡೆದು ಅದೇ ವರ್ಷ ತೀರಿಕೊಂಡರು. ನಸುಕಿನ ನಾಲ್ಕು ಗಂಟೆಗೆ ತಮ್ಮನ್ನು ಎಬ್ಬಿಸಿ, ಓದಲು ಎಣ್ಣೆಯ ದೀಪ ಹಚ್ಚಿಡುತ್ತಿದ್ದ ತಾಯಿಯನ್ನು ಅವರು ಗ್ರಂಥವೊಂದರ ಅರ್ಪಣೆಯಲ್ಲಿ ಸ್ಮರಿಸಿದ್ದಾರೆ. ದೀಪ ಹಚ್ಚಿಡಲು ಕಲನಶಾಸ್ತ್ರ ಬರಬೇಕಾಗಿಲ್ಲ. ಸಂಜೆಯ ಒಂದು ತಾಸು ದೂರದರ್ಶನ ಮುಚ್ಚುವುದು, ಮೊಬೈಲ್ ಪಕ್ಕಕ್ಕಿಡುವುದು, “ಇಂದು ಏನು ಕಲಿತೆ, ನನಗೂ ಹೇಳು” ಎಂದು ಕೇಳುವುದು ಯಾವ ತಾಯಿಗಾದರೂ ಸಾಧ್ಯ. ತಾನು ಕಲಿತದ್ದನ್ನು ತಾಯಿಗೆ ತಿಳಿಯುವಂತೆ ಹೇಳಬಲ್ಲ ಮಗು ಅದನ್ನು ನಿಜಕ್ಕೂ ಕಲಿತಿದೆ.

ಹೆಣ್ಣುಮಕ್ಕಳ ಸಂಜೆಯ ವೇಳೆಯನ್ನು ಅಡುಗೆಮನೆ ನುಂಗದಂತೆ ನೋಡಿಕೊಳ್ಳಬೇಕು. ಅಣ್ಣನಿಗೆ ಮನೆಪಾಠ, ತಂಗಿಗೆ ಮುಸುರೆ ಎಂಬ ಪಂಕ್ತಿಭೇದ ನಮ್ಮ ಮನೆಗಳಲ್ಲಿ ಉಳಿಯಕೂಡದು.

ಬೇಸಿಗೆಯ ಎರಡು ತಿಂಗಳು

ಎಸ್.ಎಸ್.ಎಲ್.ಸಿ. ಪರೀಕ್ಷೆ ಮುಗಿದು ಪಿ.ಯು. ತರಗತಿ ಆರಂಭವಾಗುವವರೆಗಿನ ಅವಧಿ ಅಮೂಲ್ಯವಾದದ್ದು. ಎಸ್ಕಲಾಂಟೆಯವರು ಬೇಸಿಗೆ ರಜೆಯನ್ನೇ ಆಯ್ದುಕೊಂಡದ್ದು ಸುಮ್ಮನೆ ಅಲ್ಲ. ಈ ಅವಧಿಯಲ್ಲಿ ಬೀಜಗಣಿತದ ಅಪವರ್ತನ, ಘಾತಾಂಕ, ತ್ರಿಕೋನಮಿತಿ, ನಿರ್ದೇಶಾಂಕ ರೇಖಾಗಣಿತ ಇಷ್ಟನ್ನು ದಿನಕ್ಕೊಂದು ತಾಸಿನಂತೆ ಗಟ್ಟಿಮಾಡಿಕೊಂಡರೆ ಮುಂದಿನ ಎರಡು ವರ್ಷದ ಹಾದಿ ಸುಗಮವಾಗುತ್ತದೆ. ಹೊಸದನ್ನು ಮುಂಚಿತವಾಗಿ ಕಲಿಸುವ ಆತುರ ಬೇಡ.

ನಮ್ಮ ಊರುಗಳಲ್ಲಿ ಇದಕ್ಕೆ ಬೇಕಾದ ಸಾಮಗ್ರಿ ಆಗಲೇ ಇದೆ. ವಿದ್ಯಾರ್ಥಿನಿಲಯಗಳಲ್ಲಿ, ಸಮುದಾಯ ಭವನಗಳಲ್ಲಿ ಸಂಜೆ ಖಾಲಿಯಿರುವ ಕೋಣೆಗಳಿವೆ. ರಜೆಗೆ ಮನೆಗೆ ಬಂದ ಇಂಜಿನಿಯರಿಂಗ್, ಬಿ.ಎಸ್ಸಿ. ವಿದ್ಯಾರ್ಥಿಗಳಿದ್ದಾರೆ; ನಿವೃತ್ತ ಗಣಿತ ಶಿಕ್ಷಕರಿದ್ದಾರೆ; ಬ್ಯಾಂಕಿನಿಂದ, ವಿಮಾ ಕಚೇರಿಯಿಂದ ನಿವೃತ್ತರಾದ ಹಿರಿಯರಿದ್ದಾರೆ. ಒಬ್ಬೊಬ್ಬರು ಇಬ್ಬಿಬ್ಬರು ಮಕ್ಕಳನ್ನು ಆಯ್ದುಕೊಂಡು ಎರಡು ತಿಂಗಳು ಕೂಡಿಸಿಕೊಂಡರೆ ಸಾಕು. ಒಂದು ಕರಿಹಲಗೆ, ಒಂದು ಡಬ್ಬಿ ಸೀಮೆಸುಣ್ಣ, ಒಂದು ತಪ್ಪುಗಳ ನೋಟ್‌ಬುಕ್ ಇವಿಷ್ಟೇ ಖರ್ಚು. ಹೀಗೆ ಕಲಿತ ಮಗು ಮುಂದಿನ ಬೇಸಿಗೆಯಲ್ಲಿ ತನ್ನ ಹಿಂದಿನವರಿಗೆ ಕಲಿಸಲಿ. ಕಲಿಸುವುದರಿಂದ ಕಲಿಕೆ ಇಮ್ಮಡಿಯಾಗುತ್ತದೆ. ಅನ್ನದಾಸೋಹದಷ್ಟೇ ಅಕ್ಷರದಾಸೋಹವನ್ನೂ ಗೌರವಿಸುತ್ತ ಬಂದ ಮನೆತನಗಳಿಗೆ ಇದು ಹೊರೆಯಾಗಲಾರದೆಂದು ನಾವು ನಂಬಿದ್ದೇವೆ.

ಬರುವ ಬೇಸಿಗೆಗೆ ಮುನ್ನವೇ ಪ್ರತಿ ಓಣಿಯ ನಾಲ್ಕು ಮಂದಿ ಹಿರಿಯರು ಕುಳಿತು, ತಮ್ಮಲ್ಲಿ ಹತ್ತನೆಯ ತರಗತಿಯ ಮಕ್ಕಳು ಎಷ್ಟು ಮಂದಿ, ಕಲಿಸಬಲ್ಲವರು ಎಷ್ಟು ಮಂದಿ ಎಂದು ಪಟ್ಟಿ ಮಾಡಲಿ. ಪಟ್ಟಿಯಲ್ಲಿ ಹೆಣ್ಣುಮಕ್ಕಳ ಹೆಸರು ಮೊದಲು ಬರೆಯಲಿ. ಗಣಿತಕ್ಕೆ ಹೆದರಿ ಹಾದಿ ಬದಲಿಸಿದ ಮಗು ನಮ್ಮ ಊರಿನಲ್ಲಿ ಮುಂದಿನ ವರ್ಷ ಒಂದೂ ಇಲ್ಲದಿರಲೆಂದು ಹಾರೈಸುತ್ತ, ಆ ಹಾರೈಕೆಗೆ ತಕ್ಕ ದುಡಿಮೆಯನ್ನು ಎಲ್ಲ ಬಂಧುಗಳಿಂದ ನಿರೀಕ್ಷಿಸುತ್ತೇವೆ.